ಕಬ್ಬಿಣದ ಕುಯರಿ

—ಪೆಟ್ರೋಲಿನ ವಾಸನೆಯೋ ಸಲೂಶನ್ನಿನದೋ, ಸೆರಗಿನ ತುದಿಗೆ ಹತ್ತಿಬಿಟ್ಟಿದೆ, ಮೂಗಿಗೆ ಸಿಹಿಯೆನಿಸಿ ಆಮೇಲೆ ಸುಡುವ ವಾಸನೆ, ಪಂಕ್ಚರ್ ತಿದ್ದುವ ಆ ಸಣ್ಣ ಟ್ಯೂಬಿನ ಬಾಯಿ ಯಾರು ಸಡಿಲ ಬಿಟ್ಟರು, ಅವರೇ, ಮತ್ತಾರು, ಮುಚ್ಚಳ ತಿರುವುವುದು ಈ ಮನೆಯ ಗಂಡಸರ ಕೆಲಸವಲ್ಲ, ಉಪ್ಪಿನಕಾಯಿ ಭರಣಿಯದಾಗಲಿ ಎಣ್ಣೆ ಡಬ್ಬಿಯದಾಗಲಿ ಅವರು ತೆಗೆಯುವವರು, ನಾನು ಮುಚ್ಚುವವಳು — ಇರಲಿ, ಮೊದಲು ನಟ್ಟು ಬಿಚ್ಚುವ ಪಾನಾಗಳು. ದೊಡ್ಡ ಪಾನಾ, ಸಣ್ಣ ಪಾನಾ, ಪ್ಲಗ್ ಬಿಚ್ಚುವ ಕೊಳವೆ ಪಾನಾ, ತಂತಿ ಹಿಡಿಯುವ ಪಕ್ಕಡ, ಒಂದಕ್ಕೊಂದು ತಾಗಿ ದಾರಿಯುದ್ದಕ್ಕೂ ಖಣಖಣ ಅನ್ನಬಾರದು, ಅದಕ್ಕೇ ನನ್ನ ಹಳೆಯ ವಾಯಲ್ ಸೀರೆ ಹರಿದು ಒಂದೊಂದಕ್ಕೂ ಒಂದೊಂದು ತುಂಡು ಸುತ್ತುತ್ತಿದ್ದೇನೆ, ಹರಿಯುತ್ತ ಹರಿಯುತ್ತ ಅಂಚಿಗೆ ಬಂದಾಗ ಕುಯರಿಗಳು ಸಿಕ್ಕವು, ಮೂತಿ ಸೊಟ್ಟಗಾದ ಮಾವಿನಕಾಯಿಯಂಥ ಹಸಿರು ಕುಯರಿಗಳು, ಅವನ್ನು ಮಾತ್ರ ಹರಿಯಲಿಕ್ಕೆ ಕೈ ಏಳಲಿಲ್ಲ, ಹಾಗೇ ಇಡಿಯಾಗಿ ದೊಡ್ಡ ಪಾನಾದ ಮೈಗೆ ಸುತ್ತಿದೆ. ದಿಲ್ಲಿಗೆ ಹೋಗುತ್ತದೆ ನನ್ನ ಸೀರೆ. ಮೊದಲು ಸೊಲ್ಲಾಪುರ, ಆಮೇಲೆ ಧುಳೆ, ಆಮೇಲೆ ನರ್ಮದಾ — ದಿನಾ ಮೈಮೇಲೆ ನೀರು ಹಾಕಿಕೊಳ್ಳುತ್ತ ಅತ್ತೆ ಹೆಸರು ಹೇಳುವ ನರ್ಮದಾ, ಅವರೂ ನೋಡಿಲ್ಲ, ಅವರ ಅತ್ತೆಯೂ ನೋಡಿರಲಿಲ್ಲ, ಬಚ್ಚಲದ ಹಂಡೆಯಲ್ಲಷ್ಟೇ ಹರಿಯುವ ನರ್ಮದಾ — ಅದರ ಮೇಲಿನ ಪೂಲು ದಾಟುವಾಗ ನನ್ನ ಸೀರೆಯ ತುಂಡು ಪಾನಾಗಳ ಮೈಗೆ ಅಂಟಿಕೊಂಡು ಕತ್ತಲಲ್ಲಿ ಇರುತ್ತದೆ, ಅದಕ್ಕೂ ಕಾಣಿಸುವುದಿಲ್ಲ. ನಾಳೆ ಮುಂಜಾನೆ, ಹಾಲಿನವಳು ಬರುವುದರೊಳಗೆ, ಹೊರಡುತ್ತಾರೆ. ಅವರು ಮತ್ತು ಅವರ ಗೆಳೆಯ ಪಾಂಡುರಂಗರಾಯರು. ದೀಪಾವಳಿ ಸೂಟಿ ಮುಗಿಯುವುದರೊಳಗೆ ಬರುತ್ತಾರೆ.

ಅಂಗಳದಲ್ಲಿ ಇಬ್ಬರೂ ನಮ್ಮ ಜಾವಾ ಮೋಟರ್‌ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ, ಕಿಟಕಿಯ ಸರಳಿನಿಂದ ಅವರ ಬೆನ್ನು ಕಾಣುತ್ತದೆ, ಸಾಲಿ ಮಾಸ್ತರನಾದ ನನ್ನ ಗಂಡನ ಬೆನ್ನು ಒಂದು, ತಹಶೀಲದಾರ ಕಚೇರಿಯ ಕಾರಕೂನನ ಬೆನ್ನು ಒಂದು, ಹಿಡಿಯೋ ಪಾಂಡ್ಯಾ ಸರಿಯಾಗಿ, ಬೆರಳ ಹೋತಂದ್ರ ಮುಂದ ಕಚೇರಿಯೊಳಗ ಠಸ್ಸೆ ಹೆಂಗ ಹೊಡಿಯಾಂವ, ಅಯ್ಯ ಬಿಡಲೇ ದಿನ್ಯಾ, ಈಗರೆ ಯಾವ ಬೆರಳಲೆ ಕೆಲಸಾ ಮಾಡ್ತೇನಿ ನಾ. ನಗುತ್ತಾರೆ. ನಗಲಿ. ಪಾಂಡುರಂಗರಾಯರು ಒಳ್ಳೆಯವರೇ, ಆದರೆ ಪ್ಲಗ್ ಎಲ್ಲಿದೆಯೆಂದು ಕೇಳಿದರೆ ಹೆಡ್‌ಲೈಟು ತೋರಿಸುವ ಪೈಕಿ, ದಾರಿಯಲ್ಲಿ ಗಾಡಿ ಉಸಿರುಕಟ್ಟಿ ನಿಂತರೆ ಇವರಿಬ್ಬರಲ್ಲಿ ಯಾರು ಪ್ಲಗ್ ಬಿಚ್ಚಿ ಉಸುಕಿನ ಕಾಗದದಿಂದ ತಿಕ್ಕುತ್ತಾರೆ, ಇಲ್ಲಿಯತನಕ ತಿಕ್ಕಿದವಳು ನಾನು, ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕೆಂದು ಅಳೆದವಳು ನಾನು, ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಇಂಜಿನ್ ಹಿಡಿದುಬಿಡುತ್ತದೆ, ಸಾರಿಗೆ ಉಪ್ಪು ಹಾಕಿದ ಹಾಗೆ ಕೈಯಂದಾಜು, ಆಹಾ, ಲೀಲಾನ ಕೈ ಬಿದ್ದರ ನಮ್ಮ ಜಾವಾ ಕುದರಿ ಆಗ್ತದ, ಅಂತ ಬಂದವರ ಮುಂದೆಲ್ಲ ಹೊಗಳುತ್ತಿದ್ದರು, ಹೊಗಳಿಕೆಗೇನು ಕಡಿಮೆ ಇರಲಿಲ್ಲ, ಸಾರನ್ನೂ ಹೀಗೇ ಹೊಗಳುತ್ತಾರೆ. ಕ್ಲಚ್ ವಾಯರು, ಬ್ರೇಕ್ ವಾಯರು, ಸುರುಳಿ ಸುತ್ತಿ ಸುತಳಿಯಿಂದ ಕಟ್ಟಿದೆ. ಚೈನಿನ ಲಾಕು ಚೀಟಿನ ಬಟ್ಟೆಯಲ್ಲಿ. ಟ್ಯೂಬು, ಕೈಪಂಪು. ದಾರಿಯ ಬುತ್ತಿಗೆ ಧಪಾಟಿ ಇನ್ನೂ ಬೇಯಿಸಬೇಕು. ಕಿರ್‌ರ್ ಅಂತ ಸದ್ದು, ಏನದು, ಏನನ್ನು ಬಿಚ್ಚುತ್ತಿದ್ದಾರೆ — ಜಾಳಿಗೆ. ಎಡಗಡೆಯ ಜಾಳಿಗೆ ಬಿಚ್ಚುತ್ತಿದ್ದಾರೆ.

ನನ್ನ ಜಾಳಿಗೆ. ಗಾಲಿಯೊಳಗೆ ಸೀರೆ ಸಿಗದಿರಲೆಂದು ಮಾಡಿಸಿದ್ದು, ಗಾಡಿಗೆ ಬೇಕಾಗಿ ಅಲ್ಲ, ಸೀರೆಗೆ ಬೇಕಾಗಿ, ಸೀರೆಯೊಳಗಿನ ನನಗೆ ಬೇಕಾಗಿ. ಅವತ್ತು ಧಾರವಾಡದಿಂದ ತಂಬೂರ ಎಂಬ ಹಳ್ಳಿಗೆ ಹೊರಟಿದ್ದೆವು, ಅವ್ವನ ತಂಗಿ ಮಾವಶಿಯ ಮನೆಗೆ, ಮದುವೆಯಾಗಿ ಇನ್ನೂ ಕೈಯ ಹಸಿರು ಬಳೆ ಒಡೆದಿರಲಿಲ್ಲ, ದುಮ್ಮವಾಡದ ಹತ್ತಿರ ಗಾಳಿ ಎದ್ದಿತು, ನನ್ನ ಕೂದಲು ಬಿಚ್ಚಿತು, ಇನ್ನೂ ಜೋರ್ ಹೊಡೀರಿ ಅಂದೆ, ಹೌದು ನಾನೇ ಅಂದೆ, ಅಂಜಿಕೆ ಇಲ್ಲೇನು ನಿನಗ, ಇಲ್ಲಾ, ಅಂದದ್ದೇ ತಡ ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದ ಹಾಗಾಯಿತು, ಆಮೇಲೆ ಆಕಾಶ, ಆಮೇಲೆ ರಸ್ತೆಯ ಖಡಿಗಲ್ಲಿನ ಮೇಲೆ ನನ್ನ ಅಂಗೈ. ಅರ್ಧ ಸೀರೆ ಗಾಲಿಯ ಕಡ್ಡಿಗಳಲ್ಲಿ ಹಗ್ಗವಾಗಿತ್ತು, ಅವರು ಬಗ್ಗಿ ಎಳೆಯುತ್ತಾರೆ, ಬರುವುದಿಲ್ಲ, ನಾನು ಲಂಗದ ಮೇಲೆ ಅವರ ಕೋಟು ಹೊದ್ದು ದಂಡೆಗೆ ಕೂತಿದ್ದೇನೆ, ಹೊಲದಲ್ಲಿ ಕಸ ತೆಗೆಯುವ ಹೆಣ್ಣಾಳುಗಳು ಓಡಿಬಂದು ಅಯ್ಯ ನಮ್ಮವ್ವ, ಏನಾತ ಬೇ, ಅಂತ ಸುತ್ತ ಗೋಡೆಯಾಗಿ ನಿಂತರು, ಅವರಲ್ಲೊಬ್ಬಾಕೆ, ಏನ್ರೀ ಸಾಹೇಬ್ರ, ಹೇಂತೀನ ಗಾಲ್ಯಾಗ ಹಾಕಿ ನೂಲತೀರೇನು, ಅಂದಳು, ನನಗೆ ನಗು ಬಂತು, ಅಂಗೈ ಉರಿಯುತ್ತಿದೆ, ಮೊಣಕಾಲಲ್ಲಿ ರಕ್ತ, ಆದರೂ ನಕ್ಕೆ, ಅವರೂ ನಕ್ಕರು. ಆಗಿನ ಅವರು. ಆ ನಗುವಿನ ದಿನಕರ ಎಲ್ಲಿ ಹೋದರು, ಅವರನ್ನು ಯಾವ ಬಟ್ಟೆಯಲ್ಲಿ ಸುತ್ತಿ ಎಲ್ಲಿಟ್ಟೆನೋ. ನಿನಗೊಂದು ಜಾಳಗಿ ಮಾಡಸ್ತೇನಿ ಲೀಲಾ, ಆಮ್ಯಾಲೆ ದಿಲ್ಲೀತನಾ ಹೋಗೂಣು, ನಾವಿಬ್ಬರನ. ಸ್ಟೇಶನ್ ಹತ್ತಿರದ ವೆಲ್ಡಿಂಗ್ ಅಂಗಡಿಯ ಕುತುಬುದ್ದೀನ್ ಕಾಕಾ ಆ ಹರಿದ ಸೀರೆ ತರಿಸಿ ಅಂಚು ನೋಡಿ, ಸರಳುಗಳ ನಡುವೆ ಒಂದು ಸರಳನ್ನು ಕಾಸಿ ಬಗ್ಗಿಸಿ ಕುಯರಿ ಮಾಡಿದ್ದರು, ಬಾಯಾರ, ಸೀರಿ ಹರದ್ರೂ ಈ ಕುಯರಿ ಹರಿಯಂಗಿಲ್ಲರೀ. ಕಬ್ಬಿಣದ ಕುಯರಿ. ನಾನು ಕೂತರೆ ಅದು ನನ್ನ ಕಾಲಿನ ಮೀನಖಂಡಕ್ಕೆ ತಾಗುತ್ತಿತ್ತು, ಬಿಸಿಲಲ್ಲಿ ಕಾದು ಚುರುಕ್ಕನ್ನುತ್ತಿತ್ತು, ಅದರ ಕಿಂಡಿಯಲ್ಲಿ ಗಾಲಿ ತಿರುಗುವುದು ಕಾಣುತ್ತಿತ್ತು.

ಲೀಲಾ, ಈ ನಟ್ಟು ಡಬ್ಬಿಯೊಳಗ ಹಾಕಿ ಇಡು, ಕಳದಾವು. ಕಿಟಕಿಯ ಸರಳಿನ ನಡುವೆ ಅವರ ಕೈ, ಅಂಗೈಯಲ್ಲಿ ಜಾಳಿಗೆಯ ನಟ್ಟುಗಳು, ಗ್ರೀಸಿನಿಂದ ಕಪ್ಪಾದ ಕೈ, ನನ್ನ ಮುಖ ನೋಡದ ಕೈ. ಅದನ್ಯಾಕ ಬಿಚ್ಚಿದ್ರಿ. ಅಯ್ಯ, ಅಲ್ಲೆ ಪೆಟ್ರೋಲ್ ಕ್ಯಾನ್ ಕೂಡಬೇಕಲ್ಲ, ಪಾಂಡ್ಯಾ ಏನ್ ಸೀರಿ ಉಡತಾನೇನು. ಮತ್ತೆ ನಗು. ಅತ್ತೆ ಸೀತಾಬಾಯಿಯವರು ಕಟ್ಟೆಯ ಮೇಲಿನಿಂದ, ದಿನಕರಾ, ಒಗೀಬ್ಯಾಡೋ ಅದನ್ನ, ಹಿತ್ತಲದಾಗ ಹೀರೀಬಳ್ಳಿ ಹಬ್ಬಸಲಿಕ್ಕೆ ಬರ್ತದ. ಬರುತ್ತದೆ. ಯಾಕೆ ಬರುವುದಿಲ್ಲ. ಈ ಮನೆಯಲ್ಲಿ ನನ್ನದೆಂದು ಬಂದದ್ದೆಲ್ಲ ಕೊನೆಗೆ ತರಕಾರಿಗೇ ಆಗುತ್ತದೆ. ನಟ್ಟುಗಳನ್ನು ಡಬ್ಬಿಯಲ್ಲಿ ಹಾಕಬೇಕು, ಹಾಕುತ್ತೇನೆ, ಮುಷ್ಟಿಯಲ್ಲಿವೆ, ಸ್ವಲ್ಪ ತಡೆದು ಹಾಕುತ್ತೇನೆ.

ತಪ್ಪು ನನ್ನದೇ, ಹಾಗನ್ನುತ್ತಾರೆ, ಹಾಗೇ ಇರಬೇಕು — ಅವತ್ತು ಪಡಸಾಲೆಯಲ್ಲಿ ಎಲ್ಲರೂ ಇದ್ದರು, ಅತ್ತೆ, ಪಾಂಡುರಂಗರಾಯರು, ನಾನು ಚಹಾದ ತಾಟು ಹಿಡಿದು ನಿಂತಿದ್ದೆ, ಇನ್ನೊಂದ ಕಪ್ಪು ತಗೊಳ್ರಿ ಅಂದೆ, ಛೇ ಛೇ ಸಾಕ್ರಿ ವೈನಿ, ಮನ್ಯಾಗ ಆಗೇದ, ಅಂದರು, ಕೇಳದೆ ಬಗ್ಗಿಸಿದೆ, ಕುಡಿದರು, ಮತ್ತೆ ಸಾಕ್ರಿ ಅಂದರು, ಮತ್ತೆ ಬಗ್ಗಿಸಿದೆ, ಮತ್ತೆ ಕುಡಿದರು. ಅದು ರೀತಿ. ಬೇಡ ಅನ್ನುವುದು ಬಂದವರ ಮರ್ಯಾದೆ, ಬೇಡ ಅಂದದ್ದನ್ನು ಕೇಳದಿರುವುದು ಮನೆಯವರ ಮರ್ಯಾದೆ, ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿಯಿಂದಲೇ ತುಪ್ಪ ಬಡಿಸುವ ಊರು ಇದು, ಇವರೇ, ನನ್ನ ಗಂಡನೇ, ಯಾರ ಮನೆಯಲ್ಲಾದರೂ ಮೊದಲ ಸಲ ಕೇಳಿದಾಗ ಹೂಂ ಅಂದದ್ದನ್ನು ನಾನು ಕಂಡಿಲ್ಲ. ಆ ಹೊತ್ತಿನಲ್ಲಿ ಕೇಳಿದರು, ಏನ ಲೀಲಾ, ದಿಲ್ಲಿಗೆ ಬರತೀ ಏನು. ಎಲ್ಲರ ಮುಂದೆ. ಅತ್ತೆಯ ಕೈಯಲ್ಲಿ ಬತ್ತಿ ಹೊಸೆಯುವುದು ನಿಂತಿತು. ನನ್ನ ಎದೆಯಲ್ಲಿ ಗಾಡಿ ಶುರುವಾಗಿತ್ತು, ನರ್ಮದಾ ಕಂಡಿತ್ತು, ಆದರೆ ನಾಲಿಗೆ — ಈ ಊರಿನ ನಾಲಿಗೆ, ಅವ್ವ ತಿದ್ದಿದ ನಾಲಿಗೆ, ಕೇಳಿದ ಕೂಡಲೆ ಹೂಂ ಅನಬಾರದು ಹಸದವರಂಗ — ನಾಲಿಗೆ ಅಂದಿತು, ನಾ ಎಲ್ಲಿ ಬರ್ಲಿ, ನೀವು ಹೋಗಿ ಬರ್ರಿ. ಅಂದು ನಿಂತೆ. ಇನ್ನೊಮ್ಮೆ ಕೇಳಲಿ ಅಂತ ನಿಂತೆ. ಹಿಂಗ್ಯಾಕಂತೀ, ಬಾ, ಅನ್ನಲಿ, ಬಗ್ಗಿಸಲಿ, ಬೆರಳ ಸಂದಿಯಿಂದ ಬಡಿಸಲಿ. ಅವರು ಅತ್ತೆಯ ಕಡೆ ತಿರುಗಿ, ನೋಡವ್ವಾ, ತಾನ ಒಲ್ಲೆ ಅಂತಾಳ, ಪಾಂಡ್ಯಾ, ಹಂಗಾರ ನೀನ ಬಾ. ಅಷ್ಟು ಬೇಗ. ಮುಖದ ಮೇಲೆ ಎಂಥ ಹಗುರ, ಭಾರದ ಚೀಲ ಕೆಳಗಿಟ್ಟವರ ಹಾಗೆ. ಶ್ಯಾಣ್ಯಾಳ ನಮ್ಮ ಲೀಲಾ, ಅಂದರು ಅತ್ತೆ, ಬತ್ತಿ ಮತ್ತೆ ಹೊಸೆಯತೊಡಗಿದರು. ಖಾಲಿ ಕಪ್ಪುಗಳನ್ನು ತಾಟಿಗೆ ಹಾಕಿಕೊಂಡು ಒಳಗೆ ಹೋದೆ. ಮರುದಿನ ಅಡುಗೆಮನೆಯಲ್ಲಿ ಕೇಳಿದೆ, ಕೇಳಲಿಲ್ಲವೆಂದು ಯಾರೂ ಅನ್ನಬಾರದು, ಒಲೆಯ ಕಡೆ ಮುಖ ಮಾಡಿ, ನಾ ಬರ್ತೇನಿ ಅಂದ್ರ ಅಂತ, ಅದಕ್ಕೆ ಅವರು, ನಿನ್ನೆ ಎಲ್ಲಾರ ಮುಂದ ಒಲ್ಲೆ ಅಂದೆಲ್ಲ, ಈಗ ಪಾಂಡ್ಯಾ ರಜಾ ಹಾಕ್ಯಾನ, ನಿನ್ನ ಮಾತಿಗೆ ಒಂದು ಬೆಲೆ ಬ್ಯಾಡೇನು.

ನನ್ನ ಮಾತಿಗೆ ಬೆಲೆ. ಆಹಾ. ಯಾವತ್ತಿನಿಂದ ಬಂತು ಆ ಬೆಲೆ, ಬಿ.ಎ. ಮುಗೀಲಿ, ಈಗ ಮದುವಿ ಒಲ್ಲೆ ಅಂದಾಗ ಎಲ್ಲಿತ್ತು, ಅಪ್ಪ ನಕ್ಕರು, ಕಾಕಾ ನಕ್ಕರು, ಹುಡಿಗ್ಯಾರು ಹಂಗ ಅನಬೇಕು, ಛಂದ ಕಾಣಸ್ತದ, ಅಂದರು, ಆ ಒಲ್ಲೆ ಯಾರಿಗೂ ಕೇಳಲಿಲ್ಲ, ಜ್ವರದಲ್ಲಿ ಮೈ ಕಾಯುತ್ತಿದ್ದಾಗ ಕಂದೀಲು ಸಣ್ಣ ಮಾಡಿ ಈ ಕಡೆ ತಿರುಗಿದ ಕೈಗೆ ಇವತ್ತ ಒಲ್ಲೆ ಅಂದದ್ದು ಕೇಳಲಿಲ್ಲ, ಅದಕ್ಕೂ ರೀತಿ ಅಂತಲೇ ಹೆಸರು, ಅಲ್ಲಿಯೂ ಬೆರಳ ಸಂದಿಯಿಂದಲೇ ಬಡಿಸಿದರು, ಹುಟ್ಟಿದಾಗಿನಿಂದ ನಾನಂದ ಒಲ್ಲೆಗಳನ್ನೆಲ್ಲ ಹೂಂ ಅಂತ ತಿಳಿದ ಮಂದಿ ಈ ಒಂದನ್ನು, ಈ ಒಂದೇ ಸುಳ್ಳು ಒಲ್ಲೆಯನ್ನು, ಕಲ್ಲಿನ ಮೇಲೆ ಕೊರೆದಿಟ್ಟರು! ಇದೇ ಪಡಸಾಲೆಯಲ್ಲಿ ಹೋದ ಬೇಸಿಗೆ ಇವರ ಓದುಗರ ಬಳಗ ಕೂತಿತ್ತು, ಎಮರ್ಜೆನ್ಸಿ ಹೋಗಿತ್ತು, ಎಲ್ಲರ ಗಂಟಲೂ ಒಮ್ಮೆಲೆ ಬಿಚ್ಚಿತ್ತು, ಇವರು ಎದ್ದು ನಿಂತು, ಅಂಜಿ ಅಂದ ಹೌದು ಹೌದಲ್ಲ, ಅದನ್ನು ಒಪ್ಪಿಗೆಯೆಂದು ತಿಳಿಯುವವನೇ ಸರ್ವಾಧಿಕಾರಿ, ಅಂದರು, ಚಪ್ಪಾಳೆ ಬಿತ್ತು, ನಾನೂ ಬಾಗಿಲ ಹಿಂದೆ ತಾಟು ಕಂಕುಳಲ್ಲಿ ಇರುಕಿಕೊಂಡು ಚಪ್ಪಾಳೆ ಹೊಡೆದೆ, ಎಷ್ಟು ಹೆಮ್ಮೆ ನನಗೆ, ನನ್ನ ಗಂಡ, ನನ್ನ ಗಂಡ. ಅಂಜಿ ಅಂದ ಒಲ್ಲೆ, ಅದೇನು ಮಾಸ್ತರ, ಅದನ್ನು ಒಪ್ಪಿಕೊಂಡವನಿಗೆ ಏನು ಹೆಸರು, ಅದನ್ನೂ ಹೇಳಿಕೊಡಿರಲ್ಲ ಸಾಲಿಯಲ್ಲಿ. ಪಾನಾಕ್ಕೆ ಬಟ್ಟೆ ಸುತ್ತುತ್ತಿದ್ದೇನೆ. ನಟ್ಟುಗಳು ಇನ್ನೂ ಮುಷ್ಟಿಯಲ್ಲೇ ಇವೆ, ಬೆಚ್ಚಗಾಗಿವೆ.

ಕಾಲಿನ ಸಪ್ಪಳ, ಪಾಂಡುರಂಗರಾಯರು ಒಳಗೆ ಬಂದರು, ವೈನಿ, ಒಂದ ತಂಬಗಿ ನೀರ ಕೊಡ್ರಿ, ಏನ ಉರೀ ಬಿಸಲು. ಕೊಟ್ಟೆ, ಎತ್ತಿ ಗಟಗಟ ಕುಡಿದರು, ಇನ್ನಷ್ಟು ಕೊಡ್ಲಿ, ಸಾಕ್ರಿ ಸಾಕ್ರಿ, ಅಂದರು, ನಾನು ಕೊಡ ಬಗ್ಗಿಸಿದೆ, ಅದನ್ನೂ ಕುಡಿದರು. ಒರೆಸಿಕೊಳ್ಳುತ್ತ ಚೀಲದ ಕಡೆ ನೋಡಿದರು, ಸಾಲಾಗಿ ಬಟ್ಟೆ ಸುತ್ತಿದ ಪಾನಾಗಳ ಕಡೆ ನೋಡಿದರು, ದೊಡ್ಡ ಪಾನಾದ ಮೇಲಿನ ಹಸಿರು ಅಂಚಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡದೆ, ದನಿ ಇಳಿಸಿ, ವೈನಿ, ಖರೇ ಹೇಳ್ರಿ, ನಿಮಗ ಬರೂದಿತ್ತೇನು, ನಾ ಏನ ಹೋಗಲೇಬೇಕಂತಿಲ್ಲ, ಕಚೇರಿಗೆ ಹೋಗಿ ಕೂಡ್ತೇನಿ — ಕೇಳಿದರು. ಎರಡನೆಯ ಸಲ. ಕೇಳಬೇಕಾದವರಲ್ಲ, ಆದರೂ ಯಾರೋ ಕೇಳಿದರು. ಅಂಗಳದಲ್ಲಿ ಅವರ ಕೈಯಲ್ಲುಳಿದ ಪಾನಾದ ಸದ್ದು ನಿಂತಿದೆ, ಅವರಿಗೂ ಕೇಳಿಸಿರಬೇಕು, ಕಟ್ಟೆಯ ಮೇಲೆ ಅತ್ತೆಯ ಕೆಮ್ಮೂ ನಿಂತಿದೆ, ಹೂಂ ಅನ್ನು, ಲೀಲಾ, ಒಂದೇ ಅಕ್ಷರ, ತುಟಿ ತೆರೆಯದೆಯೂ ಅನ್ನಬಹುದಾದ ಅಕ್ಷರ, ಹೂಂ, ಹೌದ್ರಿ, ನನಗ ಬರೂದಿತ್ರಿ, ಬರೂದದ, ಅನ್ನು — ಛೇ, ಇಲ್ಲರಿ ಪಾಂಡುರಂಗರಾವ್, ನನಗೆಲ್ಲೀ ದಿಲ್ಲಿ, ನೀವು ಹೋಗಿ ಬರ್ರಿ ಆರಾಮ. ಯಾರು ಅಂದರು. ಈ ದನಿ ಯಾರದು. ನಗುತ್ತ ಅಂದಿದ್ದೇನೆ, ಹಲ್ಲು ಕಾಣುವ ಹಾಗೆ, ಅತಿಥಿಯ ಮುಂದೆ ನಗುವ ನಗು. ಅಲ್ಲ, ನಾ ಸುಮ್ಮನ ಕೇಳಿದೆ, ಅಂದರು, ತಂಬಿಗೆ ಕೆಳಗಿಟ್ಟರು, ಹೋದರು. ಪಾನಾದ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮೂರನೆಯ ಸಲ ಕೇಳುತ್ತಾರೆ. ರೀತಿ ಮೂರು ಸಲದ್ದು, ಮೂರನೆಯ ಸಲಕ್ಕೆ ಎಲೆಯ ಮೇಲಿನ ಕೈ ತೆಗೆಯಬೇಕು, ತೆಗೆಯುತ್ತೇನೆ, ಈ ಸಲ ನಾಲಿಗೆ ಕಚ್ಚಿ ಹಿಡಿದಿದ್ದೇನೆ, ರಕ್ತದ ರುಚಿ ಬರುತ್ತಿದೆ, ಇಲ್ಲ, ನಟ್ಟಿನ ಕಬ್ಬಿಣದ್ದು, ಕೈ ಬಾಯಿಗೆ ಯಾವಾಗ ಹೋಯಿತೋ — ಲೀಲಾ, ಅಂತ ಕೂಗಿದರು, ಏನ್ರಿ, ಅಂದೆ, ಎಷ್ಟು ಬೇಗ ಅಂದೆ, ಚೀಲ ಆತೇನು. ಚೀಲ. ಆತ್ರಿ. ಆಗಿದೆ, ಡಬ್ಬಿಯ ಮುಚ್ಚಳವನ್ನೂ ನಾನೇ ತಿರುವಿದ್ದೇನೆ, ನಟ್ಟುಗಳನ್ನು ಮಾತ್ರ ಹಾಕಿಲ್ಲ, ಅವರು ಕೇಳುವುದೂ ಇಲ್ಲ, ಜಾಳಿಗೆಯಿಲ್ಲದ ಗಾಡಿಗೆ ಜಾಳಿಗೆಯ ನಟ್ಟು ಯಾಕೆ. ಕಿಕ್ ಹೊಡೆದರು, ಒಂದು, ಇನ್ನೊಂದು, ಹತ್ತಿತು, ನನ್ನ ಕೈ ಬೆರೆಸಿದ ಎಣ್ಣೆಯ ಹೊಗೆ ಕಿಟಕಿಯಿಂದ ಒಳಗೆ ಬಂತು, ನೀಲಿ, ತೆಳ್ಳಗೆ, ಹದ ಸರಿಯಾಗಿದೆ, ಇಂಜಿನ್ ಕುದುರೆಯ ಹಾಗೆ — ಪಾಂಡ್ಯಾ, ಹತ್ತು, ಸಂಶಿ ರಸ್ತಾದಮ್ಯಾಲೆ ಒಂದು ಫೇರಿ ಹೊಡದು ನೋಡೂಣು — ಹೊರಟರು, ಸದ್ದು ಓಣಿ ತಿರುಗಿತು, ಸಣ್ಣದಾಯಿತು, ಅಂಗಳದಲ್ಲಿ ಎಣ್ಣೆಯ ಕಲೆ, ಹೊಗೆ ಇಳಿಯುತ್ತಿದೆ, ಹೊಗೆಯಾಚೆ ತುಳಸಿಕಟ್ಟೆಗೆ ಆನಿಸಿಟ್ಟ ಜಾಳಿಗೆ, ಅತ್ತೆ ಆಗಲೇ ಅದರ ಮೇಲೆ ಒದ್ದೆ ಒರಸೋ ಬಟ್ಟೆ ಹರವಿದ್ದಾರೆ, ಬಟ್ಟೆಯ ಕೆಳಗಿನಿಂದ ಕುಯರಿ ಮಾತ್ರ ಹೊರಗೆ ಚಾಚಿದೆ, ನೀರು ಅದರ ಸೊಟ್ಟ ಮೂತಿಯಿಂದ ತೊಟ್ಟಿಕ್ಕುತ್ತಿದೆ, ಅದರ ಕಿಂಡಿಯಲ್ಲಿ ಏನೋ ಕಾಣಬೇಕಿತ್ತು, ತಿರುಗುವುದು ಏನೋ, ಸೊಲ್ಲಾಪುರ, ಧುಳೆ, ಅಲ್ಲ, ಅದಲ್ಲ — ಕಬ್ಬಿಣದ ಕುಯರಿ, ಅದರ ಕಿಂಡಿಯಲ್ಲಿ ತುಳಸಿಕಟ್ಟೆಯ ಮಣ್ಣು, ಕಬ್ಬಿಣದ ಕುಯರಿ, ಅದರ ಹಿಂದೆ ಗಾಲಿ ಇಲ್ಲ, ಕುಯರಿ ಇದೆ, ಗಾಲಿ ಇಲ್ಲ, ಗಾಲಿ