ಮಣ್ಣಿಗೆ ಮುಂಚಿನ ಜಾಡು

ಕರಿ ಗೌನಿನ ಬೆನ್ನ ಜಿಪ್ಪನ್ನು ಮಗಳು ಗ್ವೆನ್ ಅರ್ಧಕ್ಕೆ ಎಳೆದಿದ್ದಳು, ಅಷ್ಟರಲ್ಲಿ ಅಡುಗೆಮನೆಯ ಫೋನು ಹೊಡೆದುಕೊಂಡಿತು. ಆರ್ಡಿಸ್ ಹಾಗೆಯೇ ಹೋಗಿ ಎತ್ತಿದಳು. ಗಂಡ ಲವರ್ನ್ ತೀರಿಕೊಂಡಾಗಿನಿಂದ ಬರುತ್ತಿದ್ದದ್ದೆಲ್ಲ ಸಂತಾಪದ ಫೋನುಗಳೇ.

ಆದರೆ ಈ ಗಂಡಸಿಗೆ ಸಾವಿನ ಸುದ್ದಿಯೇ ತಿಳಿದಿರಲಿಲ್ಲ. ಕುಬಿಯಾಕ್ ಎಂದು ಹೆಸರು ಹೇಳಿಕೊಂಡ. ಕಾಗದದ ಕಾರ್ಖಾನೆಯಲ್ಲಿ ಕೆಲಸವಂತೆ. ನಿನ್ನೆ ಸಂಜೆ ಜಿಂಕೆಗೆ ಬಾಣ ಬಿಟ್ಟಿದ್ದಾನೆ, ತಗುಲಿದೆ, ಜಿಂಕೆ ಸಿಕ್ಕಿಲ್ಲ. ಗಾಯಗೊಂಡ ಜಿಂಕೆಯನ್ನು ನಾಯಿ ಹಿಡಿದು ಹುಡುಕಿಕೊಡುವ ಯಜಮಾನರೊಬ್ಬರು ಇದ್ದಾರಂತಲ್ಲ, ಮನೆಯಲ್ಲಿದ್ದಾರಾ ಎಂದು ಕೇಳಿದ.

ಹನ್ನೊಂದಕ್ಕೆ ಅವರ ಮಣ್ಣು ಎನ್ನಬೇಕಿತ್ತು. ಆರ್ಡಿಸ್ ಬಾಯಿಗೆ ಬಂದದ್ದೇ ಬೇರೆ.

"ಬಾಣ ಸಿಕ್ತಾ? ಮೂಸಿ ನೋಡಿದ್ರಾ?"

"ನೋಡ್ದೆ ಅಮ್ಮಾ. ನಾತ. ಹಸುರಾಗಿ ಏನೋ ಮೆತ್ಕೊಂಡಿದೆ."

"ಹೊಟ್ಟೆಗೆ ಬಿದ್ದಿದೆ. ಎಷ್ಟು ಹೊತ್ತು ಬಿಟ್ಟು ಹಿಂದೆ ಹೋದ್ರಿ?"

"ಆಗ್ಲೇ ಹೋಗ್ಬಿಟ್ಟೆ."

ವಿಸ್ಕಾನ್ಸಿನ್ನಿನ ಆ ಕಾಡುಸೀಮೆಯಲ್ಲಿ ಬಿಲ್ಲು ಹಿಡಿದವರೆಲ್ಲ ಒಂದಲ್ಲ ಒಂದು ಸಲ ಈ ತಪ್ಪು ಮಾಡುತ್ತಾರೆ, ಗೊತ್ತಿದ್ದೂ ಮಾಡುತ್ತಾರೆ. ಹೊಟ್ಟೆಗೆ ಬಾಣ ತಿಂದ ಜಿಂಕೆ ಹತ್ತಿರದಲ್ಲೇ ಮಲಗುತ್ತದೆ. ರಾತ್ರಿ ಅದರ ಪಾಡಿಗೆ ಬಿಟ್ಟರೆ ಅಲ್ಲೇ ಪ್ರಾಣ ಬಿಡುತ್ತದೆ. ಬೆನ್ನು ಹತ್ತಿದರೆ ಇರುವ ಜೀವವನ್ನೆಲ್ಲ ಕಾಲಿಗೆ ತಂದುಕೊಂಡು ದೂರ ಹೋಗಿ, ಎಲ್ಲೋ ಬಿದ್ದು ನರಳುತ್ತದೆ. ಆರ್ಡಿಸ್ ಒಂದು ದಿನವೂ ಕಾಡಿಗೆ ಕಾಲಿಟ್ಟವಳಲ್ಲ. ಆದರೆ ಮದುವೆಯಾದಾಗಿನಿಂದ ಈ ಫೋನು ಎತ್ತಿದವಳು ಅವಳೇ. ಲವರ್ನ್ ಬೂಟು ಹಾಕಿಕೊಳ್ಳುವಷ್ಟರಲ್ಲಿ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿರುತ್ತಿದ್ದಳು. ಪ್ರೀತಿಯಿಂದ ಕಲಿತದ್ದಲ್ಲ, ಬೇಗ ಹೋದರೆ ಬೇಗ ಬಂದಾನು ಎಂದು ಕಲಿತದ್ದು.

ಪಡುವಣದಲ್ಲಿ ಮೋಡ ಕಟ್ಟಿತ್ತು. ಮಧ್ಯಾಹ್ನಕ್ಕೆ ಮಳೆ ಎಂದು ರೇಡಿಯೋ ಹೇಳಿತ್ತು. ಮಳೆ ಬಿದ್ದರೆ ಜಾಡು ತೊಳೆದುಹೋಗುತ್ತದೆ. ಅವಳು ಜಾಗ ಕೇಳಿಕೊಂಡು ಫೋನಿಟ್ಟು, ನಾಯಿಯ ಹಗ್ಗ ಎಲ್ಲಿದೆ ಎಂದು ಮಗಳನ್ನು ಕೇಳಿದಳು.

"ಅಮ್ಮ, ಅಪ್ಪನ ಪೆಟ್ಟಿಗೆ ಆಗ್ಲೇ ಚರ್ಚಲ್ಲಿದೆ. ಜನ ಬರ್ತಾರೆ."

"ಬರ್ಲಿ. ನಿಮ್ಮಪ್ಪ ಇವತ್ತು ಎಲ್ಲಿಗೂ ಎದ್ದು ಹೋಗಲ್ಲ. ಸ್ವಲ್ಪ ತಡ ಆಗತ್ತೆ ಅಂತ ಪಾದ್ರಿಗೆ ಹೇಳು. ಜಿಂಕೆ ಅಂದ್ರೆ ಅವರಿಗೆ ಅರ್ಥ ಆಗತ್ತೆ."

"ನಂಗೆ ಅರ್ಥ ಆಗಲ್ಲ. ಜೀವಮಾನ ಪೂರ್ತಿ ಅಪ್ಪನ್ನ ಇದಕ್ಕೇ ಬೈದೋಳು ನೀನು."

"ಹೌದು, ಬೈದೆ. ಜಿಪ್ ಎಳಿ."

* * *

ಗ್ವೆನ್‌ಗೆ ಹೆಸರಿಟ್ಟ ದಿನವೂ ಫೋನು ಬಂದಿತ್ತು. ಮನೆ ತುಂಬ ನೆಂಟರು, ಮೇಜಿನ ಮೇಲೆ ಹುರಿದ ಹಂದಿಮಾಂಸ, ಆಲೂಗಡ್ಡೆ. ಲವರ್ನ್ ಹೊಸ ಸೂಟಿನಲ್ಲೇ ಎದ್ದು ಹೋದ. ಬಂದಾಗ ನೆಂಟರೂ ಇರಲಿಲ್ಲ, ಬೆಳಕೂ ಇರಲಿಲ್ಲ. ಆರ್ಡಿಸ್ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಕಾಯುತ್ತಿದ್ದಳು.

"ಯಾರದೋ ಬಾಣ, ಯಾರದೋ ಜಿಂಕೆ. ನಿಂಗೇನು ಬಂತು?"

ಲವರ್ನ್ ಹೆಚ್ಚು ಮಾತಿನವನಲ್ಲ. ಪ್ಯಾಂಟಿಗೆ ಅಂಟಿದ ಮುಳ್ಳುಬೀಜಗಳನ್ನು ಒಂದೊಂದಾಗಿ ಕಿತ್ತ.

"ಹುಡುಕಿ ಸಾಕಾಯ್ತು ಅಂತ ನಾವು ವಾಪಸ್ ಬರ್ತೀವಿ, ಆರ್ಡಿಸ್. ನಾವು ಬಿಟ್ವಿ ಅಂತ ಅದಕ್ಕೆ ಹೋಗಿ ಯಾರು ಹೇಳ್ತಾರೆ?"

ನೆಪ, ಎಂದುಕೊಂಡಳು ಅವಳು. ಮನೆಯಿಂದ ತಪ್ಪಿಸಿಕೊಳ್ಳುವ ಗಂಡಸಿಗೆ ನೆಪಕ್ಕೆ ಬರವೇ? ತಣ್ಣಗಾದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಆಮೇಲಿನ ವರ್ಷಗಳಲ್ಲೂ ಎಷ್ಟೋ ತಟ್ಟೆ ತಣ್ಣಗಾದವು, ಅವಳ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ.

* * *

ಕರಿ ಗೌನಿನ ಕೆಳಗೆ ಗಂಡನ ರಬ್ಬರ್ ಬೂಟು ಹಾಕಿಕೊಂಡು ಕಾರಿನಿಂದ ಇಳಿದ ಹೆಂಗಸನ್ನು ಕಂಡು ಕುಬಿಯಾಕನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಸಂಗತಿ ಕೇಳಿದ ಮೇಲಂತೂ, ಗೊತ್ತಿದ್ದರೆ ಫೋನೇ ಮಾಡುತ್ತಿರಲಿಲ್ಲ ಎಂದು ಹತ್ತು ಸಲ ಹೇಳಿದ.

ರಕ್ತ ಕಂಡಲ್ಲೆಲ್ಲ ಅವನು ಪೊದೆಗೆ ಟಾಯ್ಲೆಟ್ ಪೇಪರಿನ ಚೂರು ಸಿಕ್ಕಿಸಿದ್ದ. ಬಿಳಿ ಚೂರುಗಳು ಸಾಲಾಗಿ ತೊರೆಯವರೆಗೆ ಹೋಗಿ ನಿಂತಿದ್ದವು. ಗಿಡ್ಡಗಾಲಿನ ನಾಯಿ ಟಿಲ್ಲಿ ಅಲ್ಲಿಯವರೆಗೆ ಮೂಗು ನೆಲಕ್ಕಿಟ್ಟು ಎಳೆದೊಯ್ದಿತು. ನೀರನ್ನು ಮೂಸಿತು. ಆಮೇಲೆ ಗರಕ್ಕನೆ ತಿರುಗಿ, ಬಂದ ದಾರಿಯ ಪಕ್ಕಕ್ಕೇ ಹೊರಟಿತು.

"ನಾಯಿಗೆ ಜಾಡು ತಪ್ಪಿದೆ," ಎಂದ ಕುಬಿಯಾಕ್. "ಬಂದ ಕಡೆಗೇ ಹೋಗ್ತಿದೆ. ಸಾಕು ಬಿಡಿ ಅಮ್ಮಾ. ನೀವು ಚರ್ಚಿಗೆ ಹೋಗಿ."

"ನೀನು ಬಿಟ್ಟೆ ಅಂತ ಅದಕ್ಕೆ ಹೋಗಿ ಹೇಳೋರು ಯಾರು?"

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಇಷ್ಟು ವರ್ಷ ನೆಪ ಎಂದುಕೊಂಡಿದ್ದ ಮಾತು ತನ್ನ ಬಾಯಲ್ಲಿ ಇದ್ದದ್ದು ಯಾವಾಗಿನಿಂದ? ಹಗ್ಗವನ್ನು ಕೈಗೆ ಸುತ್ತಿಕೊಂಡು ನಾಯಿಯ ಹಿಂದೆ ನಡೆದಳು. ಮುಳ್ಳಿಗೆ ಸಿಕ್ಕಿ ಗೌನು ಹರಿಯಿತು, ಹರಿಯಲಿ. ಚರ್ಚಿನ ಗಂಟೆ ದೂರದಲ್ಲಿ ಹೊಡೆಯಿತು, ಹೊಡೆಯಲಿ. ಕೆಸರು ಬೂಟನ್ನು ಎಳೆದು ಹಿಡಿದಾಗ ಒಂದು ಕೊಂಬೆಗೆ ಜೋತುಬಿದ್ದು ಕಾಲು ಕಿತ್ತುಕೊಂಡಳು. ಕುಬಿಯಾಕ್ ಹಿಂದೆಯೇ ಬಂದ.

ಜೊಂಡಿನ ನಡುವೆ, ಅರ್ಧ ಮೈ ನೀರಿನಲ್ಲಿಟ್ಟುಕೊಂಡು, ಜಿಂಕೆ ಮಲಗಿತ್ತು. ಸತ್ತಿರಲಿಲ್ಲ. ಸದ್ದಿಗೆ ತಲೆ ಎತ್ತಿತು, ಏಳಲಾಗದೆ ಅವಳನ್ನೇ ನೋಡಿತು. ಆರ್ಡಿಸ್ ನಾಯಿಯನ್ನು ಎತ್ತಿಕೊಂಡು ಅದರ ಬಾಯಿ ಮುಚ್ಚಿ ಹಿಡಿದಳು. ಕುಬಿಯಾಕ್ ಅವಸರದಲ್ಲಿ ಬಿಲ್ಲಿಗೆ ಬಾಣ ಹೂಡಿದ.

"ನಿಧಾನ ಕಣಪ್ಪ," ಎಂದಳು ಮೆಲ್ಲಗೆ. "ಅದು ಇಷ್ಟು ಹೊತ್ತು ಕಾದಿದೆ."

ಬಾಣ ಹೋಯಿತು. ತಲೆ ನೀರಿಗೆ ಇಳಿಯಿತು.

ಲವರ್ನ್ ಇದನ್ನು ನೂರಾರು ಸಲ ನೋಡಿ ಮನೆಗೆ ಬಂದಿದ್ದ. ಒಂದು ಮಾತೂ ಆಡದೆ ತಣ್ಣನೆಯ ಊಟ ಉಂಡಿದ್ದ. ಹೇಳಬಾರದಿತ್ತೇ ಎಂದು ಅವಳಿಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. ಸಾವಿನ ದಿನದಿಂದ ಬಾರದಿದ್ದ ಅಳು ಆ ಸಿಟ್ಟಿನ ಜೊತೆಗೇ ಬಂತು. ಕುಬಿಯಾಕ್ ಟೋಪಿ ತೆಗೆದು ಬೇರೆ ಕಡೆ ನೋಡುತ್ತ ನಿಂತ.

* * *

ಮಳೆ ಶುರುವಾದ ಮೇಲೆ ಅವರು ಚರ್ಚು ಸೇರಿದರು. ಒಬ್ಬರೂ ಎದ್ದು ಹೋಗಿರಲಿಲ್ಲ. ಆರ್ಡಿಸ್ ಕಂಕುಳಲ್ಲಿ ಕೆಸರು ನಾಯಿಯನ್ನು ಇಟ್ಟುಕೊಂಡು ಸಾಲುಗಳ ನಡುವೆ ನಡೆದಳು. ಕುಬಿಯಾಕ್ ಬಾಗಿಲ ಹತ್ತಿರವೇ ಉಳಿದ. ಪಾದ್ರಿ ಎದ್ದು ಪುಸ್ತಕ ತೆರೆದಾಗ ಅವಳು ಸ್ವಲ್ಪ ತಡೆಯಿರಿ ಎಂದು ಕೈ ಮಾಡಿ, ನೇರ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿದಳು.

"ಸಿಕ್ತು, ಲವರ್ನ್," ಎಂದಳು. ಮೆಲ್ಲಗೇ ಹೇಳಿದ್ದು, ಆದರೂ ಮುಂದಿನ ಸಾಲುಗಳಿಗೆ ಕೇಳಿಸಿತು. "ತೊರೆ ದಾಟಿರ್ಲಿಲ್ಲ. ವಾಪಸ್ ತಿರುಗಿತ್ತು."

ಎರಡನೆಯ ಸಾಲಿನಲ್ಲಿ ಲವರ್ನನ ಹಳೆಯ ಗೆಳೆಯ ನಾರ್ಬರ್ಟ್‌ಗೆ ತಡೆಯಲಾಗಲಿಲ್ಲ. "ಎಲ್ಲಿ ಮಲಗಿತ್ತು?" ಎಂದು ಕೇಳಿಯೇಬಿಟ್ಟ. ಅವನ ಹೆಂಡತಿ ಮೊಣಕೈಯಿಂದ ತಿವಿದಳು.

ಆರ್ಡಿಸ್ ಹೇಳಲೆಂದು ತಿರುಗಿದಳು. ಕರಿ ಕೋಟಿನ ಗಂಡಸರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದರು. ಮೊದಲ ಸಾಲಿನಲ್ಲಿ, ಗ್ವೆನ್ ಕೂಡ.