ಒಂದು ಗೂಟ, ಎಂಟು ಮೇಕೆ

ಸೋಮವಾರ ಹತ್ತು ಗಂಟೆಗೆ ನನ್ನ ಗೈಡ್ ಉಮಾಶಂಕರ್ ಸರ್‌ಗೆ ವಿಡಿಯೊ ಕಾಲ್‌ನಲ್ಲಿ ಸಂಶೋಧನೆಯ ಕಂಪ್ಯೂಟರ್ ಲೆಕ್ಕ ಒಪ್ಪಿಸಬೇಕಿತ್ತು. ಈ ಸಲವೂ ತಪ್ಪಾದರೆ ಪಿಎಚ್.ಡಿ. ಇನ್ನೊಂದು ವರ್ಷ ಮುಂದಕ್ಕೆ. ಭಾನುವಾರ ಬೆಳಿಗ್ಗೆಯೂ ಅದು ತಪ್ಪೇ ಇತ್ತು. ಗಡಿನಾಡಿನ ತಳಿ ಎಂಬ ಊರಿನ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಅಳುತ್ತಾ ಕೂತಿದ್ದೆ.

"ಏನಮ್ಮ ಶ್ರೀವಿದ್ಯಾ, ಅಳೋ ಅಂಥದ್ದು ಏನೈತೆ ಅದ್ರಾಗೆ?" ಅಂದ ಅಪ್ಪ.

ಅಪ್ಪ ಮುನಿಯಲ್ಲಪ್ಪ ಓದಿದ್ದು ಮೂರನೇ ಕ್ಲಾಸು. ಜಗಳ ಮಾತ್ರ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಆಡುತ್ತಾನೆ, ಒಂದರಲ್ಲೂ ಸೋತಿಲ್ಲ. ಬಿಡಿಸಿ ಹೇಳದೆ ವಿಧಿಯಿರಲಿಲ್ಲ.

"ನಕ್ಷತ್ರ ಪಾಲಿಮರ್ ಅಂತ ಕಣಪ್ಪ. ಒಂದೇ ನಡುವಿಗೆ ಎಂಟು ಉದ್ದನೆ ಎಳೆ. ಒಂದು ಗೂಟಕ್ಕೆ ಎಂಟು ಮೇಕೆ ಕಟ್ಟಿದಂಗೆ ಅನ್ಕೋ. ಜಾಗ ಸಾಲ್ದೆ ಒಂದನ್ನೊಂದು ತಳ್ಳಿ ಹೊರಕ್ಕೆ ಚಾಚ್ಕೋಬೇಕು. ನನ್ನ ಕಂಪ್ಯೂಟರ್‌ನಾಗೆ ಮುದುರ್ಕೊಂಡು ಉಂಡೆ ಆಗ್ಬುಟ್ಟವೆ."

ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ಒಂದೇ ಅರಚಾಟ. ನೋಡಿದರೆ ನಿಜವಾಗಿಯೂ ಒಂದು ಗೂಟಕ್ಕೆ ಎಂಟು ಮೇಕೆ! ಎಂಟೂ ಎಂಟು ದಿಕ್ಕಿಗೆ ಹಗ್ಗ ಜಗ್ಗಿ ನಿಂತಿದ್ದವು.

"ನೋಡು, ಚಾಚ್ಕೊಂಡವೆ!" ಅಂದ ಅಪ್ಪ.

"ಓದಿ ಓದಿ ಮರುಳಾದೋರ್ನ ಕಂಡಿದ್ದೆ, ಓದ್ದೆ ಮರುಳಾದೋರ್ನ ಈಗ್ಲೇ ನೋಡಿದ್ದು," ಅಂತ ಅಮ್ಮ ಲಕ್ಷ್ಮೀದೇವಮ್ಮ ಒಂದು ಹೊರೆ ಅಗಸೆ ಸೊಪ್ಪನ್ನು ಗೂಟದ ಬುಡಕ್ಕೆ ಎಸೆದಳು. ಅರಚಾಟ ನಿಂತಿತು. ಎಂಟು ಮೇಕೆಯೂ ಒಂದೇ ಉಂಡೆ.

ಅಪ್ಪ ಮೇಕೆಗಳನ್ನು ನೋಡಿದ, ನನ್ನ ಪರದೆಯನ್ನು ನೋಡಿದ. "ನಿನ್ನವಕ್ಕೂ ಯಾರೋ ಸೊಪ್ಪು ಹಾಕವ್ರೆ ಕಣಮ್ಮ. ಆಸೆ ಇಲ್ದೆ ಯಾವೂ ಹಂಗೆ ಒತ್ಕೊಂಡು ನಿಲ್ಲಾಕಿಲ್ಲ."

ನಗಲು ಹೋದವಳು ನಗಲಿಲ್ಲ. ಫೈಲ್ ತೆರೆದೆ. ನನ್ನ ಲೆಕ್ಕದಲ್ಲಿ ಒಂದೊಂದು ಎಳೆಯೂ ಒಂದು ಮಣಿಸರ; ಆ ಮಣಿಗಳು ಒಂದನ್ನೊಂದು ತಳ್ಳಬೇಕಷ್ಟೆ. ನಾನು ಅವುಗಳ ನಡುವೆ ಸೆಳೆತವನ್ನೂ ಉಳಿಸಿಬಿಟ್ಟಿದ್ದೆ. ಒಂದು ಸಾಲು! ಮೂರು ತಿಂಗಳ ಕಣ್ಣೀರು ಆ ಒಂದು ಸಾಲಿಗೆ. ತಿದ್ದಿದೆ. ಸಂಜೆ ಹೊತ್ತಿಗೆ ನಕ್ಷತ್ರ ಅರಳಿಕೊಂಡಿತು.

ಸೋಮವಾರ ಸರ್ ಬೆರಗಾದರು. "ನನಗೇ ಕಾಣಲಿಲ್ಲವಲ್ಲ, ಹೇಗೆ ಹಿಡಿದೆ?"

"ಇಲ್ಲೊಬ್ಬ ತಜ್ಞರ ಜೊತೆ ಚರ್ಚಿಸಿದೆ ಸರ್."

"ಯಾರು? ಯಾವ ಸಂಸ್ಥೆ? ಪ್ರಬಂಧದಲ್ಲಿ ಹೆಸರು ಹಾಕಲೇಬೇಕು."

ನಾನು ತಡವರಿಸುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು. "ಶ್ರೀವಿದ್ಯಾ, ಬಾರಮ್ಮ ಬೇಗ! ಇನ್ನೊಂದು ಸಲ ನೋಡಾನ ಅಂತ ಕಟ್ಟಿದ್ರೆ ಎಂಟು ಹಗ್ಗನೂ ಸಿಕ್ಕು ಬಿದ್ದೋಗವೆ!" ಕ್ಯಾಮೆರಾದಲ್ಲಿ ಅಪ್ಪ ಕಂಡ. ಕಾಲಿಗೆ ಎರಡು ಹಗ್ಗ ಸುತ್ತಿಕೊಂಡಿತ್ತು.

ಆ ತಜ್ಞರು ನಮ್ಮಪ್ಪ ಎನ್ನಲು ಬಾಯಿ ಬಾರದೆ ಹೋದದ್ದಕ್ಕೆ ನನಗೆ ತುಂಬ ನಾಚಿಕೆಯಾಯಿತು. "ಇವರೇ ಸರ್. ನಮ್ಮಪ್ಪ."

ಸರ್ ಕನ್ನಡಕ ಏರಿಸಿ ಆ ಗೋಜಲನ್ನೇ ನೋಡಿದರು. "ಎಷ್ಟು ಹೊತ್ತಿಗೆ ಸಿಕ್ಕಾಯಿತು ಅಂತ ಕೇಳಮ್ಮ. ನಿನ್ನ ಮುಂದಿನ ಅಧ್ಯಾಯ ಅದೇ, ಎಳೆಗಳ ಸಿಕ್ಕು."

"ಅರ್ಧ ಗಂಟೆ ಸಾರ್," ಅಪ್ಪ ಅಲ್ಲಿಂದಲೇ ಕೂಗಿದ. "ಬಿಡಿಸಾಕೆ ಎಷ್ಟೊತ್ತಾಯ್ತದೆ ಅಂತ ನಿಮ್ ಕಂಪ್ಯೂಟರ್‌ನಾಗೆ ನೋಡಿ ಹೇಳಿ. ಮೇಯಾಕೆ ಹೊಡ್ಕೊಂಡು ಹೋಗೋ ಹೊತ್ತಾಯ್ತು!"