ಎರಡು ಸಲ ಒತ್ತುವ ಗುಂಡಿ

ಬೂದಿ ಬಣ್ಣ, ನಿನ್ನೆಯವರೆಗೆ ನೀಲಿಯಿತ್ತು ಈ ಪರದೆ, ಬದಲಾಯಿಸಿ ಅಂತ ಇವರನ್ನು ಯಾರು ಕೇಳಿದ್ದರೋ, ಬೆಳಿಗ್ಗೆ ಬಂದು ಬ್ರೌಸರ್ ತೆರೆದರೆ ಸರ್ವರ್‌ನ ಫೋಲ್ಡರ್‌ಗಳ ಪಟ್ಟಿ ಎಡಗಡೆಯಿಂದ ಎದ್ದು ಬಲಗಡೆ ಹೋಗಿ ಕೂತಿದೆ, ಹೊಸ ಆವೃತ್ತಿಯಂತೆ, ಹೊಸ ಸೌಲಭ್ಯ ಹದಿನಾಲ್ಕು, ಸರಿಪಡಿಸಿದ ದೋಷ ಮೂವತ್ತೊಂದು, ಓದಿದೆನಾ, ಓದಿದೆ, ಆರನೆಯದರ ತನಕ ಓದಿದೆ, ಅಷ್ಟರಲ್ಲಿ ಯಾರೋ ಕರೆದರು — ಅಲ್ಲ, ಈಗ ಅದಲ್ಲ ವಿಷಯ, ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಿದೆ, ಒಂದೋ ಎರಡೋ, ಮೇಲಿನದು ಹಳೆಯ ಕಸ, ಅದನ್ನು ನಾನೇ ಅಳಿಸಿದೆ, ಅದರ ಕೆಳಗೆ ‘ಅಕ್ಕ’ ಅಂತ ಒಂದು ಫೋಲ್ಡರ್ ಇತ್ತು, ಇತ್ತಲ್ಲ, ಹೋದ ವಾರವೂ ಇತ್ತು, ಮನೆಯ ಕಂಪ್ಯೂಟರ್ ಕೆಟ್ಟೀತು, ಆಫೀಸಿನ ಸರ್ವರ್‌ನಲ್ಲಿ ಭದ್ರ ಅಂತ ನಾನೇ ತಂದಿಟ್ಟಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಗಂಟಲಿನ ಆಪರೇಷನ್‌ಗೆ ಎರಡು ದಿನ ಮುಂಚೆ ಅಕ್ಕ ಮಗಳಿಗೆಂದು ಓದಿ ರೆಕಾರ್ಡ್ ಮಾಡಿಟ್ಟ ಕತೆಗಳು ಅದರಲ್ಲಿದ್ದವು, ನಲವತ್ತು ನಿಮಿಷ, ನಡುವೆ ಕೆಮ್ಮಿ, ಇರು ಪುಟ್ಟಿ ನೀರು ಕುಡಿತೀನಿ ಅನ್ನುತ್ತಾಳೆ, ಅದಾದ ಮೇಲೆ ಅವಳಿಗೆ ದನಿಯಿಲ್ಲ, ಬೆರಳಲ್ಲಿ ಮೇಜು ತಟ್ಟುತ್ತಾಳೆ, ಒಂದು ಸಲ ತಟ್ಟಿದರೆ ಹೂಂ, ಎರಡು ಸಲವಾದರೆ ಇಲ್ಲ, ಸಿಟ್ಟು ಬಂದರೆ ಆ ಎರಡಕ್ಕೇ ತಟ್ಟೆ ಹಾರುತ್ತದೆ, ನಾಲ್ಕು ವರ್ಷದಿಂದ ಪುಟ್ಟಿ ಕೇಳುತ್ತಿರುವುದು ಆ ಟಕ್ ಟಕ್ ಒಂದೇ, ಮೊನ್ನೆ ನನ್ನ ಸೆರಗು ಹಿಡಿದು, ಚಿಕ್ಕಮ್ಮ, ಅಮ್ಮ ಮೊದ್ಲು ಮಾತಾಡ್ತಿದ್ಳಂತೆ ಹೌದಾ, ಹೇಗೆ, ನನ್ ಥರಾನಾ, ಅಕ್ಕ ಚೀಟಿಯಲ್ಲಿ ಬರೆದುಕೊಟ್ಟಳು, ಶುಕ್ರವಾರ ತಂದುಕೊಡು, ಕೇಳಿಸೋಣ. ಇವತ್ತೇ ಶುಕ್ರವಾರ.

ನಾನು ಒತ್ತಿದ್ದು ಒಂದು ಸಲವಾ ಎರಡು ಸಲವಾ, ಮೊದಲನೆಯದು ನೆನಪಿದೆ, ಎರಡನೆಯದು — ಹಳೆಯ ನೀಲಿ ಪರದೆಯಲ್ಲಿ ಅಳಿಸುವ ಗುಂಡಿಗೆ ಮೊದಲ ಒತ್ತು ತಾಗುತ್ತಲೇ ಇರಲಿಲ್ಲ, ಸೇರಿದ ದಿನವೇ ದೊಡ್ಡಣ್ಣ ಹೇಳಿಕೊಟ್ಟಿದ್ದರು, ಆಫೀಸಿಗೆಲ್ಲ ಹಿರಿಯರೆಂದು ನಾವಿಟ್ಟ ಹೆಸರು ಅದು, ಒಂದಕ್ಕೆಲ್ಲ ಬಗ್ಗೋದಿಲ್ಲ ಕಣಮ್ಮ ಅದು, ಎರಡು ಸಲ ಕುಟ್ಟು, ಅಂದಿನಿಂದ ಕುಟ್ಟಿದ್ದೇ ಕುಟ್ಟಿದ್ದು, ಲಿಫ್ಟಿನ ಗುಂಡಿಯನ್ನೂ ಎರಡು ಸಲ ಒತ್ತುತ್ತೇನೆ, ‘ಖಚಿತವೇ’ ಎಂದು ಕೇಳುವ ಚೌಕವೂ ಬೇಡವಾಗಿ ಎಂದೋ ಅದರ ಬಾಯಿ ಮುಚ್ಚಿಸಿದ್ದೆವು. ಈಗ ಪೂರ್ತಿ ಓದುತ್ತಿದ್ದೇನೆ, ಕೆಲಸ ಕೆಟ್ಟ ಮೇಲೆ, ದೋಷ ಹದಿನೇಳು, ಅಳಿಸುವ ಗುಂಡಿ ಇನ್ನು ಮೊದಲ ಒತ್ತಿಗೇ ಕೆಲಸ ಮಾಡುತ್ತದೆ, ಆಯ್ಕೆ ತಾನಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ, ಹಾಗಾದರೆ ಎರಡನೆಯ ಒತ್ತು ಯಾರ ಮೇಲೆ ಬಿತ್ತು, ಇರಲಿ, ನಕಲು ಪ್ರತಿ ಇದ್ದೇ ಇರುತ್ತದಲ್ಲ, ಸೌಲಭ್ಯ ಒಂಬತ್ತು, ಅಳಿಸಿದ್ದು ನಕಲಿನಿಂದಲೂ ಕೂಡಲೇ ಹೋಗುತ್ತದೆ, ಇದಕ್ಕೆ ಸೌಲಭ್ಯ ಅನ್ನುತ್ತಾರಾ, ಯಾರಿಗೆ. ದೊಡ್ಡಣ್ಣ ಹಿಂದೆ ಬಂದು ನಿಂತಿದ್ದಾರೆ, ಗಾಬರಿಯಾಗ್ಬೇಡ, ಲಾಗ್ ತೆಗಿ, ಮಾಡಿದ್ದೆಲ್ಲ ಅದ್ರಲ್ಲಿ ಬರೆದಿರುತ್ತೆ, ಯಂತ್ರ ಸುಳ್ಳು ಹೇಳಲ್ಲ, ತೆಗೆದೆ, ಹತ್ತು ನಲವತ್ತೆರಡು ಅಳಿಸಲಾಗಿದೆ, ಹತ್ತು ನಲವತ್ತೆರಡು ಅಳಿಸಲಾಗಿದೆ, ಒಂದೇ ಸಾಲು ನನಗೆ ಎರಡಾಗಿ ಕಾಣುತ್ತಿದೆಯೇನೋ, ಕಣ್ಣು ಉಜ್ಜಿ ನೋಡಿದರೂ ಎರಡೇ, ದೊಡ್ಡಣ್ಣ ಕನ್ನಡಕ ತೆಗೆದು ಒರೆಸುತ್ತಿದ್ದಾರೆ.

ಫೋನು, ಅಕ್ಕನದು, ಎತ್ತಿದರೆ ಪುಟ್ಟಿ, ಚಿಕ್ಕಮ್ಮ, ಸಿಕ್ತಾ ಅಂತ ಅಮ್ಮ ಕೇಳ್ತಿದಾಳೆ, ನೀನು ಮಾತಾಡಬೇಡ, ಅಮ್ಮನ ಥರ ತಟ್ಟಿ ಹೇಳು, ನಾನೇ ಅಮ್ಮಂಗೆ ಹೇಳ್ತೀನಿ, ಆಟ ಅಂದುಕೊಂಡಿದೆ ಮಗು, ಹೂಂ ಅಂದುಬಿಡಲೇ, ಸಂಜೆಯೊಳಗೆ ಎಲ್ಲಾದರೂ ಸಿಕ್ಕೀತೇನೋ, ಇರು ಪುಟ್ಟಿ ನೀರು ಕುಡಿತೀನಿ, ಅದು ಯಾವ ದನಿಯಲ್ಲಿತ್ತು, ನನಗೇ ಯಾಕೆ ಸರಿಯಾಗಿ ಕೇಳಿಸುತ್ತಿಲ್ಲ, ನನ್ನ ಬೆರಳು ಮೇಜಿನ ಮೇಲಿದೆ, ತಾನಾಗಿ ಏಳುತ್ತದೆ, ಟಕ್, ಸಾಕು, ಒಂದಕ್ಕೇ ನಿಲ್ಲು ಅನ್ನುತ್ತೇನೆ, ಒಂದಕ್ಕೇ, ಟಕ್